ಪಟ್ಟಿಯಲ್ಲಿ ಒಂದೇ ಹೊಸಹಳ್ಳಿ

ಸಿಸ್ಟರ್ ಬಲಗೈ ತೋರುಬೆರಳಿನ ತುದಿ ಸುಟ್ಟು ನುಣ್ಣಗಾಗಿತ್ತು. ಸಿರಿಂಜು ಕುದಿಸಿ ಬಳಸುತ್ತಿದ್ದ ಕಾಲದ ಗಾಯ. ಆ ಬೆರಳಿನಿಂದ ಮುಟ್ಟಿದರೆ ಮೊಬೈಲಿಗೆ ತಿಳಿಯುತ್ತಲೇ ಇರಲಿಲ್ಲ. ಹಾಗಾಗಿ ಉಂಗುರಬೆರಳು ಚಾಚಿ, ಹಾಲಿನ ಬಿಸಿ ನೋಡುವವರಂತೆ ಮೆಲ್ಲಗೆ ಪರದೆ ತಾಗಿಸುತ್ತಿದ್ದರು.

ಗರ್ಭಿಣಿಯರ ವಿವರ ದಾಖಲಿಸಲು ಒಂದು ಸಂಸ್ಥೆಗೆ ನಾನು ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ಹಳ್ಳಿಯ ನರ್ಸ್‌ಗಳಿಗೆ ಅದನ್ನು ಕಲಿಸಲು ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋದ ದಿನ, ಹಿಂದಿನ ಬೆಂಚಿನಿಂದ ಹೊಸಹಳ್ಳಿಯ ನರ್ಸ್, ಈ ಸಿಸ್ಟರ್, ಕೈ ಎತ್ತಿದರು.

“ತಮ್ಮಾ, ಹೊಸಹಳ್ಳಿ ಎರಡು ಅದಾವ್ರಿ. ಒಂದು ಕುಷ್ಟಗಿದು, ಒಂದು ನಮ್ಮ ಯಲಬುರ್ಗಾದ್ದು. ಇದರಾಗ ಒಂದ ಐತಲ್ಲ?”

“ಅದನ್ನ ಒತ್ರಿ ಸಿಸ್ಟರ್. ಒಳಗ ಎಲ್ಲಾ ಸರಿ ಹೋಗತೈತಿ,” ಅಂದೆ.

ಸರಿ ಹೋಗುವಂತಿರಲಿಲ್ಲ. ನನಗೆ ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಊರಿನ ಮುಂದೆ ಅದರದೇ ಸಂಖ್ಯೆ, ತಾಲ್ಲೂಕು ಎಲ್ಲ ಇದ್ದವು. ಒತ್ತಿದರೆ ಕೆಳಗಿಳಿಯುವ ಊರುಗಳ ಪಟ್ಟಿಯನ್ನು ನಾನು ಬರೀ ಹೆಸರು ಹಿಡಿದು ಕಟ್ಟಿದ್ದೆ. ಎರಡನೇ ಸಲ ಬಂದ ಹೆಸರು ತಪ್ಪಿ ಬಂದಿರಬೇಕೆಂದು ತೆಗೆದುಹಾಕಿದ್ದೆ. ಉಳಿದದ್ದು ಕುಷ್ಟಗಿಯ ಹೊಸಹಳ್ಳಿ. ಸಿಸ್ಟರ್ ದಾಖಲಿಸಿದ ಹೆಂಗಸರ ಹೆಸರೆಲ್ಲ ಅಲ್ಲಿನ ನರ್ಸ್ ಫೋನಿಗೆ ಹೋಗುತ್ತಿದ್ದವು.

ಸಿಸ್ಟರ್ ನನಗೆ ಎರಡು ಸಲ ಫೋನ್ ಮಾಡಿದರು. “ಮುಂದಿನ ಅಪ್‌ಡೇಟಿನಾಗ ನೋಡೂಣ್ರಿ,” ಅಂದೆ. ತಮ್ಮ ಹೆಂಗಸರ ಲೆಕ್ಕವನ್ನು ಅವರು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡು ತಿರುಗಿದರು.

ಆಮೇಲೆ ಕಣ್ಣಿನ ಆಪರೇಷನ್ನಿಗೆಂದು ಹತ್ತು ದಿನ ರಜೆ ಹಾಕಿದರು. ಬದಲಿಗೆ ಬಂದ ಹುಡುಗಿ ನೋಟ್‌ಬುಕ್ ನೋಡದೆ ಫೋನು ನಂಬಿದಳು. ಅದರಲ್ಲಿ ರಕ್ತದೊತ್ತಡ ಏರಿದ್ದ ಏಳು ತಿಂಗಳ ಬಸುರಿಯ ಹೆಸರೇ ಇರಲಿಲ್ಲ. ಆ ಹೆಸರು ಕಂಡ ಕುಷ್ಟಗಿಯ ನರ್ಸ್ ತಮ್ಮೂರಲ್ಲಿ ಹುಡುಕಿ, ‘ಊರಲ್ಲಿಲ್ಲ’ ಎಂದು ಗುರುತು ಹಾಕಿದ್ದರು. ರಜೆಯ ಐದನೇ ದಿನ ಆ ಬಸುರಿಗೆ ಫಿಟ್ಸ್ ಬಂತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಸರಿಯಾಗಿ ದಾಖಲಿಸಿಲ್ಲವೆಂದು ಸಿಸ್ಟರ್‌ಗೆ ಇಲಾಖೆಯಿಂದ ನೋಟಿಸು ಬಂತು.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಅವರು ನನ್ನ ಆಫೀಸಿಗೆ ಬಂದರು. ಬೈಯುತ್ತಾರೆಂದು ಎದ್ದು ನಿಂತೆ. ಕುರ್ಚಿ ಎಳೆದುಕೊಂಡು ಕೂತು, “ಎಲ್ಲಾ ಊರೂ ಒಂದೊಂದ ಓದ್ರಿ ತಮ್ಮಾ. ಇನ್ನ ಎಷ್ಟು ಊರು ಹಿಂಗ ಹೋಗ್ಯಾವ ನೋಡೂಣು,” ಅಂದರು.

ಮೂರು ದಿನ ಬಂದರು. ನಾನು ಹಾಳೆ ಓದುವುದು, ಅವರು ಕೇಳುವುದು. ಗಂಗಾವತಿ ಕಡೆಯ ವಲಸಿಗರ ಕ್ಯಾಂಪುಗಳು, ಕುಷ್ಟಗಿಯ ತಾಂಡಾಗಳು, ಯಾವುದರ ಹಾದಿ ಎಲ್ಲಿ ಒಡೆಯುತ್ತದೆ ಎಂಬುದೆಲ್ಲ ಅವರ ಬಾಯಲ್ಲಿತ್ತು. ಇನ್ನೂ ಹನ್ನೊಂದು ಊರು ಸಿಕ್ಕವು. ಪಟ್ಟಿಯನ್ನು ಸಂಖ್ಯೆ ಹಿಡಿದು ಹೊಸದಾಗಿ ಕಟ್ಟಿದೆ. ಮೊದಲು ತಾಲ್ಲೂಕು, ಆಮೇಲೆ ಹೋಬಳಿ, ಆಮೇಲೆ ಊರು. ಮಧ್ಯೆ ಒಮ್ಮೆ ನನ್ನ ಕೆಳರೆಪ್ಪೆ ಎಳೆದು ನೋಡಿ, “ರಕ್ತನ ಇಲ್ಲಲ್ಲ, ಹಸಿರು ತಪ್ಪಲ ಪಲ್ಯೆ ತಿನ್ರಿ,” ಎಂದು ಗದರಿದರು. ಆ ಕೈಯ ಕೆಳಗೆ ನನಗೆ ಕಣ್ಣು ತೆರೆದಿಡಲಾಗಲಿಲ್ಲ.

ತಪ್ಪು ನನ್ನದೆಂದು ಇಲಾಖೆಗೆ ಬರೆದುಕೊಡುವುದು ಮಾತ್ರ ಉಳಿಯಿತು. “ಬರದ್ರ ಮುಂದ ಯಾರೂ ಕೆಲಸ ಕೊಡಂಗಿಲ್ಲ,” ಅಂದ ನನ್ನ ಪಾಲುದಾರ. ಎಂಟು ತಿಂಗಳು ನಾನು ಬರೆಯಲಿಲ್ಲ. ಅಷ್ಟರಲ್ಲಿ ಸಿಸ್ಟರ್ ನೋಟಿಸಿನ ಸಮೇತ ನಿವೃತ್ತರಾದರು. ಕೊನೆಗೆ ಬರೆದು ಕಳಿಸಿ, ಅದರ ಪ್ರತಿ ಹಿಡಿದು ಅವರ ಮನೆಗೆ ಹೋದೆ.

ಎರಡು ಸಲ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು.

“‘ಒಬ್ಬ ಗರ್ಭಿಣಿ’ ಅಂತ ಬರದೀರಿ. ಆಕಿ ಹೆಸರು ಯಾಕ ಬರದಿಲ್ಲ?”

ನನಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಅವರಿಗೂ ಅದು ತಿಳಿಯಿತು. ಹೆಸರು ಹೇಳಿದರು. “ಒಮ್ಮೆ ಹೋಗಿ ಕಂಡು ಬರ್ರಿ,” ಅಂದರು.

ನಾನು ಹೋಗಲಿಲ್ಲ. ಮರುವರ್ಷ ಎದೆನೋವಿನಿಂದ ಸಿಸ್ಟರ್ ತೀರಿಕೊಂಡರು. ಮಣ್ಣು ಮಾಡಿ ಬಂದ ಮೂರನೇ ದಿನ ಹೊಸಹಳ್ಳಿಗೆ ಬಸ್ಸು ಹತ್ತಿದೆ.

ಕೂಸು ಕಳೆದುಕೊಂಡಾಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೆ, ಮಾಡಿದ್ದೇನೆಂದು ಹೇಳಿದೆ. ಆಕೆ ಮೊರ ಪಕ್ಕಕ್ಕಿಟ್ಟಳು.

“ಸಿಸ್ಟರ್ ತಿಂಗಳಿಗೊಮ್ಮೆ ಬಂದು ನನ್ನ ಕಾಲು ಹಿಡೀತಿದ್ರು,” ಅಂದಳು. “‘ತಪ್ಪು ನಂದು’ ಅಂತ.”