ಹಸಿರು ಟೊಪ್ಪಿಗೆಯೊಳಗಿನ ಲಿಂಗ

ಬೆಳಗಿನ ಆರೂವರೆ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯ ಹೊರಗೆ, ಮುರಗೋಡದ ಅನ್ನಪೂರ್ಣಾ ಕೊರಳಿನ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ್ದಾಳೆ. ಪಕ್ಕದಲ್ಲಿ ಆಯಾ ಸೀತವ್ವ.

“ಲಿಂಗಾ ತಗಿಬ್ಯಾಡ್ರಿ, ಅಕ್ಕಾರ.”

“ತಗಿಯೂದಲ್ಲವಾ, ಜಾಗಾ ಬದಲ್ ಮಾಡೂದು. ಆ ರೋಬೋಟಿಗೆ ನಾಕು ಕೈ ಅದಾವು. ಒಂದಕ್ಕೂ ಲಿಂಗಾ ಹಿಡಿಯಾಕ ಬರೂದಿಲ್ಲ.”

ಅನ್ನಪೂರ್ಣಾ ನಗುತ್ತಾಳೆ. ಲೋಹ ಒಳಗೆ ಹೋಗುವಂತಿಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆ ಗಂಡನ ಕೈಗೆ ಹೋಗುತ್ತದೆ. ಲಿಂಗವನ್ನು ಆಕೆಯೇ ಬಟ್ಟೆಯಲ್ಲಿ ಸುತ್ತಿ ನೆತ್ತಿಯ ಮೇಲಿಟ್ಟುಕೊಳ್ಳುತ್ತಾಳೆ. ಸೀತವ್ವ ಮೇಲಿಂದ ಹಸಿರು ಟೊಪ್ಪಿಗೆ ಬಿಗಿಯುತ್ತಾರೆ. ಲಿಂಗ ಮುಟ್ಟುವುದಿಲ್ಲ.

ಥೈರಾಯ್ಡ್ ಗ್ರಂಥಿ ತೆಗೆಯಲು ಇಲ್ಲಿ ಕುತ್ತಿಗೆ ಕೊಯ್ಯುವುದಿಲ್ಲ. ಒಂದು ತೋಳನ್ನು ಮೇಲೆತ್ತಿ ಕಟ್ಟಿ, ಕಂಕುಳಿನಿಂದ ರೋಬೋಟ್ ಯಂತ್ರದ ಕೈಗಳನ್ನು ಒಳಗೆ ಬಿಡುತ್ತಾರೆ. ಇನ್ನೊಂದು ತೋಳಿಗೆ ಸಲೈನ್. ಲಿಂಗ ಮೈ ಬಿಟ್ಟಿರಬಾರದು ಎನ್ನುವವರಿಗೆ ಉಳಿಯುವುದು ತಲೆಯೊಂದೇ. ಉಪಾಯ ಸೀತವ್ವನದು, ಡಾಕ್ಟರು ಒಪ್ಪಿದ್ದಾರೆ. ಎರಡು ವರ್ಷದಲ್ಲಿ ಮೂವತ್ತೊಂದು ಮಂದಿ ಹೀಗೆ ಒಳಗೆ ಹೋಗಿ ಬಂದಿದ್ದಾರೆ.

ಸಂಗೊಳ್ಳಿಯ ಸೀತವ್ವನಿಗೆ ನಲವತ್ತಾರು. ಅವರ ಮನೆಯಲ್ಲಿ ಲಿಂಗವಿಲ್ಲ, ಬುದ್ಧನ ಫೋಟೊ ಇದೆ. ಬೈಲಹೊಂಗಲದಲ್ಲಿ ಬಾಡಿಗೆ ಖೋಲಿ ಹಿಡಿದು, ದಿನಾ ಬೆಳಗಿನ ಐದರ ಬಸ್ಸಿಗೆ ಹೊರಡುತ್ತಾರೆ. ಉಪಾಯಕ್ಕೆ ಶಹಬ್ಬಾಸ್ ಎಂದರೆ ಮುಖ ತಿರುಗಿಸುತ್ತಾರೆ. “ತಡಾ ಆಗಿ ಹೊಳೀತ್ರಿ.”

ತಡವಾದದ್ದು ಚಚಡಿಯ ರಾಚವ್ವನಿಗೆ. ಸಂತೆಯಲ್ಲಿ ಕೂಗಿ ಮೆಣಸಿನಕಾಯಿ ಮಾರುತ್ತಿದ್ದವರು. ಮೂರೂವರೆ ವರ್ಷದ ಹಿಂದೆ ಬಂದಾಗ ಥೈರಾಯ್ಡಿನ ಗಂಟು ಸಣ್ಣದು, ರೋಬೋಟೇ ಸಾಕಿತ್ತು. ಲಿಂಗ ಬಿಚ್ಚಿ ಕೊಡಿ ಎಂದು ಸೀತವ್ವ ಕೇಳಿದರೆ, “ನಿನ್ನ ಕೈಯಾಗ? ಯಾರ ಪೈಕಿ ನೀ?” ಎಂದರು.

“ಕೊಡದಿದ್ರ ಮನಿಗೆ ನಡೀರಿ ಅಂದ್ನಿ. ನಡದಽ ಬಿಟ್ರು. ನನಗ ಸಿಟ್ಟು ಬಂದದ್ದು ತಪ್ಪಲ್ರಿ. ಆದ್ರ ಹಿಂದ ಹೋಗಿ ಕರೀಬೇಕಿತ್ತು. ಕರೀಲಿಲ್ಲ.”

ವರ್ಷದ ಮೇಲೆ ರಾಚವ್ವ ತಿರುಗಿ ಬಂದರು. ಈ ಸಲ ಲಿಂಗವನ್ನು ತಾವೇ ಬಿಚ್ಚಿ ಮಗನಿಗೆ ಕೊಟ್ಟರು. ಗಂಟು ದನಿಯ ನರಕ್ಕೆ ಹಬ್ಬಿತ್ತು, ಕುತ್ತಿಗೆಯನ್ನೇ ಕೊಯ್ಯಬೇಕಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಮುರಗೋಡದ ಸಂತೆಯಲ್ಲಿ ತಕ್ಕಡಿಯ ತಟ್ಟೆಗೆ ತೂಕದ ಕಲ್ಲು ಬಡಿದು ಗಿರಾಕಿ ಕರೆಯುತ್ತಾರೆ.

ಹೋದ ತಿಂಗಳು ಸೀತವ್ವ ಅಲ್ಲಿಗೆ ಹೋಗಿದ್ದರು. “ದವಾಖಾನ್ಯಾಗ ನನ್ನ ಮಾರಿ ಮುಚ್ಚಿತ್ತಲ್ರಿ, ಅವರಿಗೆ ಗುರ್ತ ಹತ್ತಲಿಲ್ಲ. ತಪ್ಪಾತು ಅನ್ನಾಕ ಹೋಗಿದ್ನಿ. ಅರ್ಧಾ ಕಿಲೋ ಅಂದ್ನಿ. ತೂಗಿದ ಮ್ಯಾಲ ಒಂದ್ ಮುಟಗಿ ಹೆಚ್ಚಿಗಿ ಹಾಕಿದ್ರು. ತಗೊಂಡ ಬಂದ್ನಿ. ಮುಂದಿನ ಸಂತಿಗೆ ಹೇಳತೇನಿ.”

ಅದಾದ ಮೇಲೆ ನಾಲ್ಕು ಸಂತೆ ಕಳೆದಿವೆ.