ಹಂಪಾಪುರದ ಖಾರ ಚಟ್ನಿ

ಲಾಕ್‌ಡೌನ್ ಸಡಿಲವಾದ ವಾರ. ಬಿತ್ತನೆ ಬೀಜದ ಆರ್ಡರ್ ಹಿಡಿಯಲು ಮೈಸೂರಿನಿಂದ ಹೊರಟವನು ಹಸಿವು ತಾಳದೆ ಹಂಪಾಪುರದ ಸಣ್ಣ ಹೋಟೆಲೊಂದರ ಮುಂದೆ ಬೈಕ್ ನಿಲ್ಲಿಸಿದೆ. ಬರುತ್ತಿದ್ದುದು ಅರ್ಧ ಸಂಬಳ, ಅದಕ್ಕೇ ಎರಡೇ ಇಡ್ಲಿ ಹೇಳಿದೆ.

"ಎರಡು ತಿಂಗಳಾದ್ಮೇಲೆ ಇವತ್ತೇ ಒಲೆ ಅಚ್ಚಿರೋದು, ನೀವೇ ಬೋಣಿ ಕಣ್ರೀ," ಅನ್ನುತ್ತಾ ಹೋಟೆಲಿನ ಅಕ್ಕ ತಟ್ಟೆಯನ್ನು ಹೊರಗಿನ ಸ್ಟೂಲಿನ ಮೇಲಿಟ್ಟು ದೂರ ಸರಿದರು. ಹೊರಗಿನ ಊಟವೆಂದರೆ ನನಗೂ ಭಯವೇ. ಮೊದಲ ತುತ್ತಿಗೇ ಚಟ್ನಿಯ ಖಾರ ನೆತ್ತಿಗೇರಿ ಜೋರಾಗಿ ಕೆಮ್ಮಿದೆ. ಅಕ್ಕ ಒಳಗೆ ಓಡಿ ಬಾಗಿಲು ಹಾಕಿಕೊಂಡರು.

"ಅಕ್ಕಾ, ಇದು ಖಾರದ ಕೆಮ್ಮು!"

"ಎಲ್ರೂ ಅಂಗೇ ಯೋಳೋದು. ದುಡ್ಡು ಬ್ಯಾಡ, ಒಂಟೋಗ್ಬುಡಿ!"

ಬೋಣಿ ಕೆಡಿಸಲು ಮನಸ್ಸಾಗಲಿಲ್ಲ. ಐವತ್ತರ ನೋಟನ್ನು ತಟ್ಟೆಯಡಿ ಇಟ್ಟು ಬೈಕ್ ಹತ್ತಿದೆ. ಹೊರಡುವ ಮುನ್ನ ಬೈಕಿನ ಕನ್ನಡಿಯಲ್ಲಿ ನೋಡಿದರೆ, ಹೊರಬಂದ ಅಕ್ಕ ನೋಟನ್ನು ಸೋಪುನೀರಲ್ಲಿ ಅದ್ದಿ, ಕಣ್ಣಿಗೊತ್ತಿಕೊಂಡು, ಹಗ್ಗಕ್ಕೆ ಒಣಹಾಕುತ್ತಿದ್ದರು. ನನ್ನ ದುಡ್ಡಿಗೆ ಅಷ್ಟು ಉಪಚಾರ ಯಾವ ಬ್ಯಾಂಕಿನಲ್ಲೂ ಸಿಕ್ಕಿರಲಿಲ್ಲ.