ಅರಿಶಿನದ ಪದ ತಪ್ಪಿದ ಮೇಲೆ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಾಫಿ ಲೋಟ ಕೈಗೆತ್ತಿಕೊಳ್ಳುವ ಮುಂಚೆ ಶಿವರುದ್ರಮ್ಮನವರು ಒಂದು ಸೋಬಾನೆ ಪದವನ್ನು ಮೆಲುದನಿಯಲ್ಲಿ ಹಾಡಿಕೊಳ್ಳಲೇಬೇಕು. ಜ್ವರ ಬಂದರೂ ತಪ್ಪಿಸಿದವರಲ್ಲ. "ಪದ ಮುಗೀತೇನೇ? ಕಾಫಿ ಆರೋಯ್ತದೆ ಕಣೇ" ಎಂದು ಗಂಡ ನಂಜಣ್ಣ ಜಗಲಿಯಿಂದ ಕೂಗುವುದೂ ಅಷ್ಟೇ ಹಳೆಯದು.

ಹನಗೋಡಿನ ಅಂಗನವಾಡಿ ಟೀಚರ್ ಪುಷ್ಪಾ ವಯಸ್ಸಾದ ಹೆಂಗಸರನ್ನೆಲ್ಲ ಮಧ್ಯಾಹ್ನದ ಹೊತ್ತು ಸಮುದಾಯ ಭವನದಲ್ಲಿ ಕೂಡಿಸಿ ಹಾಡಿಸಲು ಶುರು ಮಾಡಿದಾಗ ಮುಂದೆ ಕೂತವರು ಎಪ್ಪತ್ತು ದಾಟಿದ ಈ ಶಿವರುದ್ರಮ್ಮನವರೇ. ಅವರು ಒಂದು ಸಾಲು ಹಾಡಿದರೆ ಉಳಿದವರು ಅದನ್ನೇ ಹಿಂದಿನಿಂದ ಎತ್ತಿಕೊಳ್ಳುತ್ತಿದ್ದರು. ಮಂಡಿನೋವು, ಸೊಸೆಯ ಮೇಲಿನ ದೂರು ಎಲ್ಲ ಚಪ್ಪಲಿಯ ಜೊತೆ ಬಾಗಿಲಾಚೆ ಉಳಿಯುತ್ತಿದ್ದವು.

ಪುಷ್ಪಾಳ ಮಗಳು ಶಿವಾನಿಯ ಮದುವೆ ಹತ್ತಿರ ಬಂತು. ಅರಿಶಿನ ಹಚ್ಚುವ ಶಾಸ್ತ್ರದ ಪದವನ್ನು ಭವನದಲ್ಲಿ ಎಲ್ಲರೂ ಒಮ್ಮೆ ಹಾಡಿ ನೋಡುತ್ತಿದ್ದರು. ಶಿವರುದ್ರಮ್ಮನವರು ಎರಡು ನುಡಿ ಹಾಡಿ ಮೂರನೆಯದಕ್ಕೆ ಬಾಯಿ ತೆರೆದರೆ ಬಂದದ್ದು ಹೆಣ್ಣೊಪ್ಪಿಸುವ ಪದ.

"ಅಯ್ಯೋ ಶಿವರುದ್ರಿ, ಅರಿಶಿನ ಅಚ್ಚೋಕ್ ಮುಂಚೇನೇ ಎಣ್ಣ ಗಂಡನ ಮನೆಗೆ ಅಟ್ಬುಟ್ಟಲ್ಲೇ!" ಎಂದು ಹಿಂದೆ ಕೂತಿದ್ದ ಗೆಳತಿ ಸುನಂದಮ್ಮ ಕೆಣಕಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಶಿವರುದ್ರಮ್ಮನವರಿಗೆ ನಗು ಬರಲಿಲ್ಲ. ಗುರುಪುರದಲ್ಲಿದ್ದ ಅಕ್ಕ ದೊಡ್ಡತಾಯಮ್ಮ ಮೊದಲು ಮರೆತದ್ದೂ ಪದಗಳನ್ನೇ. ಆಮೇಲೆ ಮಕ್ಕಳ ಹೆಸರು. ಕೊನೆಗೆ ತನ್ನ ಕೊರಳಲ್ಲಿದ್ದ ಲಿಂಗವನ್ನೇ ಹಿಡಿದು "ಇದೇನಿದು?" ಎಂದು ಕೇಳಿದ್ದಳು.

ಮಾರನೆಯ ದಿನದಿಂದ ಭವನದ ಕಡೆ ಹೋಗಲಿಲ್ಲ. ಮೊಮ್ಮಕ್ಕಳ ಹೆಸರನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎದ್ದೆದ್ದು ಹೋದರು. ಶಾಸ್ತ್ರದ ಹೊತ್ತಿನಲ್ಲಿ ಪದ ತಪ್ಪಿದರೆ ಆ ಹುಡುಗಿಗೆ ಕೇಡಾದೀತೆಂಬ ದಿಗಿಲು ಬೇರೆ. ನಂಜಣ್ಣನವರಿಗೂ ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ಅರಿಶಿನದ ದಿನ ಸುನಂದಮ್ಮನೇ ಬಂದು ಕೈ ಹಿಡಿದು ಎಬ್ಬಿಸಿದರು. "ನಿಮ್ಮಕ್ಕನ ನೆಪ್ಪಾಯ್ತು ಅಲ್ವಾ ನಿಂಗೆ? ನಗಬಾರದಿತ್ತು ನಾವು. ಎದ್ದೇಳೇ. ನೀನು ಮರೆತ್ರೆ ನಾವು ಹಿಂದ್ಲ ಸಾಲ್ನೇ ಇಡ್ಕಂಡಿರ್ತೀವಿ. ನೆಪ್ಪಾದಾಗ ಮುಂದುಕ್ಕೋಗು."

ಶಾಸ್ತ್ರದ ಹೊತ್ತಿಗೆ ಹೆದರಿದಂತೆಯೇ ಆಯಿತು. ಮೂರನೆಯ ನುಡಿಗೆ ತಲೆಯೆಲ್ಲ ಖಾಲಿ. ಹಸೆಮಣೆಯ ಮೇಲಿದ್ದ ಶಿವಾನಿ ಅರಿಶಿನದ ಮುಖವೆತ್ತಿ ಇವರನ್ನೇ ನೋಡಿದಳು. ಹೆಂಗಸರು ಹಿಂದಿನ ಸಾಲನ್ನೇ ಮತ್ತೆ ಹಾಡಿದರು. ಮತ್ತೂ ಹಾಡಿದರು. ಸುನಂದಮ್ಮನ ದನಿ ಎಲ್ಲಕ್ಕಿಂತ ಜೋರು. ಪದವೇ ಹಾಗಿರಬೇಕು ಎಂದುಕೊಂಡ ಹುಡುಗಿಯರೂ ದನಿಗೂಡಿಸಿದರು. ಶಿವರುದ್ರಮ್ಮನವರು ಕಣ್ಣು ಮುಚ್ಚಿ ಶಿವಶಿವಾ ಎಂದುಕೊಂಡರು. ಸಾಲು ಬಂತು.

ಮುಗಿದ ಮೇಲೆ ಶಿವರುದ್ರಮ್ಮನವರು ಒಂದು ಮೂಲೆಗೆ ಸರಿದು ಕೂತರು. ಅದನ್ನು ಕಂಡು ಪುಷ್ಪಾ ಪಕ್ಕದಲ್ಲಿ ಬಂದು ಕೂತಳು. "ಅಮ್ಮಾ, ನಾಳೆ ಎಣ್ಣೊಪ್ಸೋ ಪದಕ್ಕೆ ನೀವು ಕಷ್ಟಪಡ್ಬ್ಯಾಡಿ. ಮೊದ್ಲು ನೀವು ಹಾಡಿದ್ದು ನನ್ನ ಮೊಬೈಲ್‌ನಲ್ಲೈತೆ. ಮೈಕಿನಲ್ಲಿ ಹಾಕುಸ್ತೀನಿ. ನೀವು ಸುಮ್ಗೆ ಕೂತಿದ್ರೆ ಸಾಕು."

ಶಿವರುದ್ರಮ್ಮನವರು ಹೆಂಗಸರ ಕಡೆ ನೋಡಿದರು.

"ಬ್ಯಾಡ ಕಣವ್ವ. ಎದ್ರಿಕೆ ಆಯ್ತದೆ, ಸುಳ್ಯಾಕೆ ಯೋಳ್ಲಿ. ಆದ್ರೂ ಪದ ನಾನೇ ಯೋಳ್ತೀನಿ. ಇವರೆಲ್ಲ ಇರ್ತಾರಲ್ಲ."